ಕರಿ ಎಣ್ಣೆಯ ಲೆಕ್ಕ

ಅಪ್ಪ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಐದು ಉದ್ದನೆಯ ನೋಟ್‌ಬುಕ್ಕುಗಳು. ರಟ್ಟಿನ ಮೇಲೆಲ್ಲ ಎಣ್ಣೆಯ ಬೆರಳಚ್ಚು. 1981ರಿಂದ 1988ರವರೆಗೆ ನಮ್ಮದೊಂದು ಲಾರಿ ಇತ್ತು, ಸೆಕೆಂಡ್ ಹ್ಯಾಂಡ್ ಟಾಟಾ 1210. ಅದರ ಲೆಕ್ಕದ ಪುಸ್ತಕಗಳು ಇವು. ರದ್ದಿಗೆ ಹಾಕಲು ಮನಸ್ಸಾಗದೆ ಪುಣೆಗೆ ತಂದೆ. ಎರಡು ವರ್ಷ ಕಪಾಟಿನಲ್ಲೇ ಇದ್ದವು. ಕಳೆದ ದೀಪಾವಳಿ ರಜೆಯಲ್ಲಿ ಕೂತು ಮೊದಲ ಪುಟದಿಂದ ಓದಿದೆ.

ನಾನು ವೃತ್ತಿಯಿಂದ ಲೆಕ್ಕ ಪರಿಶೋಧಕ. ಇಂಜಿನ್ ರಿಪೇರಿ ಗೊತ್ತಿಲ್ಲ. ಆದರೆ ಇನ್ನೊಬ್ಬರು ಬರೆದಿಟ್ಟ ಅಂಕಿ ಓದುವುದೇ ಇಪ್ಪತ್ತೈದು ವರ್ಷದಿಂದ ನನ್ನ ಹೊಟ್ಟೆಪಾಡು. ಅಪ್ಪನ ಪುಸ್ತಕದಲ್ಲಿ ಪ್ರತಿ ಟ್ರಿಪ್ಪಿಗೂ ಒಂದು ಸಾಲು: ತಾರೀಕು, ಮಾಲು, ಕಿಲೋಮೀಟರ್, ಡೀಸೆಲ್, ಎಣ್ಣೆ, ರಸ್ತೆ ಖರ್ಚು, ಹುಡುಗನ ಪಗಾರ. 'ಹುಡುಗ' ಎಂದರೆ ಕ್ಲೀನರ್. ಅವನ ಹೆಸರು ಎಲ್ಲಿಯೂ ಬರೆದಿಲ್ಲ.

1988ರ ಮೇ ತಿಂಗಳಲ್ಲಿ, ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಮುಂಬೈಗೆ ಹೊರಟ ಗಾಡಿ ಸಾತಾರಾ ದಾಟಿ ಖಂಬಾಟ್ಕಿ ಘಾಟ್ ಹತ್ತುವಾಗ ಇಂಜಿನ್ ಬಡಿಯತೊಡಗಿತು. ಎರಡು ತಿರುವು ಕಳೆಯುವುದರೊಳಗೆ ಜಾಮ್ ಆಗಿ ನಿಂತಿತು. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಕರಗಿ ಅಂಟಿಕೊಂಡಿತ್ತು, ಕ್ರ್ಯಾಂಕ್ ಗೀರಿಹೋಗಿತ್ತು. ಹೊಸ ಕ್ರ್ಯಾಂಕಿಗೆ ದುಡ್ಡಿರಲಿಲ್ಲ, ಸಾಲದ ಕಂತು ನಿಲ್ಲುವಂತಿರಲಿಲ್ಲ. ಗಾಡಿ ಮಾರಿದೆವು. ಅಪ್ಪ ಬೇರೆಯವರ ಗಾಡಿಗೆ ಡ್ರೈವರ್ ಆಗಿ ಹೋದರು. ಮುಂದೆ ಮೂವತ್ತು ವರ್ಷ ಯಾರು ಕೇಳಿದರೂ ಅವರದು ಒಂದೇ ಉತ್ತರ: "ಆ ಹುಡುಗ ಎಣ್ಣಿ ನೋಡ್ಲಿಲ್ಲ, ನನ್ನ ಗಾಡಿ ಹೋತು."

ಆ ಮಾತು ನಿಜವೇ ಎಂದು ನೋಡಬೇಕಾದರೆ ಆಗಿನ ಲಾರಿಗಳಲ್ಲಿ ಎಣ್ಣೆ ಏನು ಮಾಡುತ್ತಿತ್ತು, ಜನ ಅದನ್ನು ಹೇಗೆ ಓದುತ್ತಿದ್ದರು ಎಂಬ ಚರಿತ್ರೆ ಸ್ವಲ್ಪ ತಿಳಿಯಬೇಕು. ಪುಸ್ತಕ ಓದಿ, ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದ ಹಳೆಯ ಫಿಟ್ಟರ್‌ಗಳ ಜೊತೆ ಚಹಾ ಕುಡಿದು ನಾನು ಕೂಡಿಸಿಕೊಂಡದ್ದು ಇಷ್ಟು.

ರುಡಾಲ್ಫ್ ಡೀಸೆಲ್‌ನ ಇಂಜಿನ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಸರಿಯಾಗಿ ಓಡಿದ್ದು 1897ರಲ್ಲಿ. ಅದು ಲಾರಿಯೊಳಗೆ ಹಿಡಿಸುವಷ್ಟು ಸಣ್ಣದಾಗಲು 1920ರ ದಶಕ ಬರಬೇಕಾಯಿತು. ಪೆಟ್ರೋಲ್ ಇಂಜಿನ್ನಿಗೂ ಡೀಸೆಲ್ ಇಂಜಿನ್ನಿಗೂ ಎಣ್ಣೆಯ ಮಟ್ಟಿಗೆ ಒಂದು ದೊಡ್ಡ ವ್ಯತ್ಯಾಸ ಇದೆ. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಬಹುಪಾಲು ಹೊಗೆಕೊಳವೆಯಿಂದ ಹೊರಗೆ ಹೋದರೂ ಸ್ವಲ್ಪ ಮಸಿ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಎಣ್ಣೆಗೆ ಸೇರುತ್ತದೆ. ಆ ಕಾಲದ ಎಣ್ಣೆ ಎಂದರೆ ಕಚ್ಚಾ ತೈಲದಿಂದ ಸೋಸಿ ತೆಗೆದ ಬರೀ ಎಣ್ಣೆ, ಬೇರೇನೂ ಬೆರೆಸಿದ್ದಲ್ಲ. ಅದಕ್ಕೆ ಮಸಿಯನ್ನು ಹೊತ್ತು ತಿರುಗುವ ಶಕ್ತಿ ಇರಲಿಲ್ಲ. ಮಸಿ ಪಿಸ್ಟನ್ನಿನ ಮೇಲೆ ಅರಗಿನಂತೆ ಕಟ್ಟಿ, ರಿಂಗುಗಳು ಗಾಡಿಯಲ್ಲೇ ಅಂಟಿ ಕೂರುತ್ತಿದ್ದವು.

1930ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಇದೇ ತೊಂದರೆ ವಿಪರೀತವಾಯಿತು. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ 'ಡೆಲೊ' ಎಂಬ ಎಣ್ಣೆ ತಂದದ್ದು ಈ ಹಿನ್ನೆಲೆಯಲ್ಲೇ. ಹೊಸತೆಂದರೆ ಎಣ್ಣೆಯಲ್ಲಿ ಕರಗಿದ ಡಿಟರ್ಜೆಂಟ್, ಅಂದರೆ ಒಂದು ರೀತಿಯ ಸಾಬೂನು. ಅದು ಮಸಿಯನ್ನು ಲೋಹಕ್ಕೆ ಅಂಟಲು ಬಿಡದೆ ಸಣ್ಣ ಸಣ್ಣ ಕಣಗಳಾಗಿ ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇಂಥ ಎಣ್ಣೆಗೆ ತನ್ನದೇ ಮಾನದಂಡ ಬರೆಯಿತು. 1947ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಎಣ್ಣೆಗಳನ್ನು ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಎಂದು ಮೂರಾಗಿ ವಿಂಗಡಿಸಿತು. ನಮ್ಮ ಕಡೆಯ ಡ್ರೈವರ್‌ಗಳು 'ಎಚ್‌ಡಿ ಎಣ್ಣಿ' ಎನ್ನುತ್ತಿದ್ದುದು ಈ ಮೂರನೆಯದನ್ನು.

ಇಲ್ಲಿಂದ ಗೊಂದಲ ಶುರುವಾಯಿತು. ಹಳೆಯ ಬರೀ ಎಣ್ಣೆಯ ಕೊಳೆ ಇಂಜಿನ್ನಿಗೆ ಅಂಟುತ್ತಿತ್ತು, ಹಾಗಾಗಿ ಗೇಜಿನ ಕಡ್ಡಿಯ ಮೇಲೆ ಎಣ್ಣೆ ಅಷ್ಟಾಗಿ ಕಪ್ಪಾಗುತ್ತಿರಲಿಲ್ಲ. ಎಚ್‌ಡಿ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಕಾಡಿಗೆಯಾಯಿತು. ಅದು ಕಪ್ಪಾದದ್ದೇ ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು. ನೋಡುವವನಿಗೆ ಮಾತ್ರ ಎಣ್ಣೆ ಕೆಟ್ಟಂತೆ ಕಾಣುತ್ತಿತ್ತು. ಇನ್ನೊಂದು ಪೇಚೂ ಇತ್ತು. ವರ್ಷಗಟ್ಟಲೆ ಬರೀ ಎಣ್ಣೆಯಲ್ಲಿ ಓಡಿದ ಹಳೆಯ ಇಂಜಿನ್ನಿಗೆ ಒಮ್ಮೆಲೇ ಎಚ್‌ಡಿ ಎಣ್ಣೆ ಸುರಿದರೆ, ಒಳಗೆ ಕಟ್ಟಿದ್ದ ಹೊಲಸೆಲ್ಲ ಕಳಚಿ ಬಂದು ಫಿಲ್ಟರ್ ಮತ್ತು ಎಣ್ಣೆಯ ದಾರಿ ಕಟ್ಟುವ ಅಪಾಯವಿತ್ತು. ಇಂಥದ್ದನ್ನು ಒಮ್ಮೆ ಕಂಡ ಮಿಸ್ತ್ರಿ ಜನ್ಮವಿಡೀ ಹೊಸ ಎಣ್ಣೆಯನ್ನು ನಂಬುತ್ತಿರಲಿಲ್ಲ. ನಿಗಡಿಯ ಎಪ್ಪತ್ತು ದಾಟಿದ ಫಿಟ್ಟರ್ ಒಬ್ಬರು ತಮ್ಮ ಗುರುವಿನ ಬಗ್ಗೆ ಇದನ್ನೇ ಹೇಳಿದರು.

ನಮ್ಮ ದೇಶದ ಲಾರಿಗಳ ಚರಿತ್ರೆ ಈ ಗೊಂದಲವನ್ನು ಹೆಚ್ಚಿಸಿತು. ಯುದ್ಧ ಮುಗಿದ ಮೇಲೆ ಇಲ್ಲಿ ಓಡುತ್ತಿದ್ದ ಬಹಳಷ್ಟು ಲಾರಿಗಳು ಸೇನೆ ಬಿಟ್ಟುಹೋದ ಫೋರ್ಡ್, ಷೆವ್ರೊಲೆ, ಡಾಡ್ಜ್‌ಗಳು, ಪೆಟ್ರೋಲಿನವು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ತಯಾರಿಸತೊಡಗಿದರು. 1955ರಲ್ಲಿ ಮದ್ರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಕಾಮೆಟ್ ಲಾರಿಯನ್ನು ದಕ್ಷಿಣದಲ್ಲಿ ಕಾಣದವರಿಲ್ಲ. ಬೆಂಜ್ ಒಪ್ಪಂದ 1969ರಲ್ಲಿ ಮುಗಿದು ಲಾರಿಯ ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಯಿತು, ಆದರೆ ಇಂಜಿನ್ನಿನ ಮೂಲ ವಿನ್ಯಾಸ ಉಳಿಯಿತು. ಅಪ್ಪ 1981ರಲ್ಲಿ ಕೊಂಡ 1210ರ ಆರು ಸಿಲಿಂಡರಿನ ಇಂಜಿನ್ ಅದೇ ವಂಶದ್ದು. ಅವರು ಕಡೆಯವರೆಗೂ ಅದನ್ನು 'ಬೆಂಜ್' ಎಂದೇ ಕರೆದರು.

ಹೀಗೆ ಹತ್ತಿಪ್ಪತ್ತು ವರ್ಷದೊಳಗೆ ಹೆದ್ದಾರಿ ಪೆಟ್ರೋಲಿನಿಂದ ಡೀಸೆಲ್ಲಿಗೆ ತಿರುಗಿತು. ಮಿಸ್ತ್ರಿಗಳು ಮಾತ್ರ ಅವರೇ. ಅವರು ಕಲಿತದ್ದು ಪೆಟ್ರೋಲ್ ಇಂಜಿನ್ನಿನ ಮೇಲೆ, ಅಲ್ಲಿಯ ಪಾಠ 'ಕಪ್ಪಾದರೆ ಬದಲಿಸು'. ಡೀಸೆಲ್ಲಿನಲ್ಲಿ ಎಣ್ಣೆ ಮೊದಲ ವಾರವೇ ಕಪ್ಪಾಗುತ್ತದೆ, ಬದಲಿಸುತ್ತಾ ಹೋದರೆ ಮನೆ ಮುಳುಗುತ್ತದೆ. ಆದ್ದರಿಂದ ಅವರು ಬಣ್ಣ ನೋಡುವುದನ್ನೇ ಬಿಟ್ಟರು. ಉಳಿದದ್ದು ಮಟ್ಟ ಒಂದೇ. ಕಡ್ಡಿ ಎಳೆ, ಒರೆಸು, ಹಾಕು, ಮತ್ತೆ ಎಳೆ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇದೆಯೇ? ಗಾಡಿ ಬಿಡು. ಕಡಿಮೆ ಇದ್ದರೆ ಟಾಪಪ್ ಮಾಡು.

ಈ ಟಾಪಪ್ ಸಂಸ್ಕೃತಿಗೆ ದುಡ್ಡಿನ ಕಾರಣವೂ ಇತ್ತು. 1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ನಮ್ಮ ಗಾಡಿಯ ಚೇಂಬರಿಗೆ ಒಮ್ಮೆ ಬದಲಿಸಲು 14 ಲೀಟರ್ ಎಣ್ಣೆ ಬೇಕೆಂದು ಅಪ್ಪನ ಪುಸ್ತಕ ಹೇಳುತ್ತದೆ. ಅದರ ಖರ್ಚು ಹುಡುಗನ ಎರಡು ತಿಂಗಳ ಪಗಾರಕ್ಕಿಂತ ಹೆಚ್ಚು. ಇಂಡಿಯನ್ ಆಯಿಲ್ 1972ರಲ್ಲಿ ಸರ್ವೋ ಎಣ್ಣೆ ತಂದಿತ್ತು, ಅದೇ ವರ್ಷ ಫರೀದಾಬಾದಿನಲ್ಲಿ ಸಂಶೋಧನಾ ಕೇಂದ್ರವನ್ನೂ ತೆರೆದಿತ್ತು. ಒಳ್ಳೆಯ ಎಣ್ಣೆ ದೇಶದಲ್ಲೇ ತಯಾರಾಗುತ್ತಿತ್ತು. ಆದರೆ ಹೆದ್ದಾರಿಯ ಬದಿಯಲ್ಲಿ ಅದರ ಜೊತೆಗೇ ಹಳೆಯ ಎಣ್ಣೆಯನ್ನು ಸೋಸಿ, ಬಣ್ಣ ತಿಳಿ ಮಾಡಿ, ಹಳೆಯ ಡಬ್ಬಿಗೆ ತುಂಬಿ ಮಾರುವವರೂ ಇದ್ದರು. ಅದಕ್ಕೇ ಎಣ್ಣೆ ಸುರಿದಾದ ಮೇಲೆ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಬೇಕು ಎಂಬ ಬುದ್ಧಿಮಾತು ಹುಟ್ಟಿತು. ಅಪ್ಪ ಇದನ್ನು ತಪ್ಪದೆ ಮಾಡುತ್ತಿದ್ದರು. ತೂತು ಬಿದ್ದ ಡಬ್ಬಿಗಳಲ್ಲಿ ಅವ್ವ ತುಳಸಿ, ಗೊಂಡೆ ಹೂವು ಬೆಳೆಸುತ್ತಿದ್ದಳು. ನೀರು ಬಸಿಯಲು ಬೇರೆ ತೂತು ಕೊರೆಯುವ ಕೆಲಸವಿರಲಿಲ್ಲ.

ಬದಲಿಸದೆ ಬರೀ ತುಂಬುತ್ತಾ ಹೋದರೆ ಏನಾಗುತ್ತದೆ? ಆಗಿನ ಡೀಸೆಲ್ಲಿನಲ್ಲಿ ಗಂಧಕ ಶೇಕಡಾ 1ರವರೆಗೂ ಇರಬಹುದಿತ್ತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಂದಿರುವ ಬಿಎಸ್-6 ಡೀಸೆಲ್ಲಿನಲ್ಲಿ ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ, ಅಂದರೆ ಅದರ ಸಾವಿರದಲ್ಲೊಂದು ಪಾಲು. ಗಂಧಕ ಉರಿದು, ನೀರಿನ ಹಬೆಯೊಂದಿಗೆ ಸೇರಿ ಗಂಧಕಾಮ್ಲವಾಗುತ್ತದೆ. ಅದು ರಿಂಗು, ಲೈನರ್, ಬೇರಿಂಗುಗಳನ್ನು ತಿನ್ನುತ್ತದೆ. ಎಣ್ಣೆಗೆ ಬೆರೆಸಿದ ಕ್ಷಾರ ಅದನ್ನು ಕೊಲ್ಲಬೇಕು. ಕೊಲ್ಲುತ್ತಾ ಕೊಲ್ಲುತ್ತಾ ಕ್ಷಾರವೂ ಮುಗಿಯುತ್ತದೆ. ಟಾಪಪ್‌ನಿಂದ ಸ್ವಲ್ಪ ಹೊಸ ಕ್ಷಾರ ಸೇರುತ್ತದೆ, ಮಸಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಕಡ್ಡಿಯ ಮೇಲೆ ಇದಾವುದೂ ಕಾಣದು. ಮಟ್ಟ ಸರಿಯಾಗಿಯೇ ಇರುತ್ತದೆ.

ಮಟ್ಟಕ್ಕಿಂತ ಆಳವಾಗಿ ಎಣ್ಣೆಯನ್ನು ಓದುವ ವಿದ್ಯೆ ಅಷ್ಟು ಹೊತ್ತಿಗೆ ಹುಟ್ಟಿತ್ತು. 1940ರ ದಶಕದಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ವೆಸ್ಟರ್ನ್ ರೈಲ್ವೆಯವರು ಡೀಸೆಲ್ ಇಂಜಿನ್ನುಗಳ ಎಣ್ಣೆಯನ್ನು ಸ್ಪೆಕ್ಟ್ರೋಗ್ರಾಫಿನಲ್ಲಿ ಉರಿಸಿ, ಬೆಳಕಿನ ಗೆರೆಗಳಿಂದ ಅದರಲ್ಲಿ ಎಷ್ಟು ಕಬ್ಬಿಣ, ಎಷ್ಟು ತಾಮ್ರ, ಎಷ್ಟು ಸೀಸ ಇದೆ ಎಂದು ಅಳೆಯತೊಡಗಿದರು. ತಾಮ್ರ, ಸೀಸ ಏರಿದರೆ ಬೇರಿಂಗ್ ಸವೆಯುತ್ತಿದೆ, ಇಂಜಿನ್ ಮುರಿಯುವ ಮೊದಲೇ ನಿಲ್ಲಿಸಬಹುದು. ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳ ಪ್ರಯೋಗಾಲಯಗಳಿಗೂ ಈ ಪದ್ಧತಿ ಬಂತು. ಅದರ ಜೊತೆಗೆ ಇನ್ನೊಂದು ಪರೀಕ್ಷೆ ಇತ್ತು, ಯಂತ್ರವೇ ಬೇಡದ್ದು. ಹೀರುಕಾಗದದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಕಾಯುವುದು. ಹನಿ ಹರಡುತ್ತಾ ವೃತ್ತಗಳಾಗುತ್ತದೆ. ಮಸಿ ಒಂದೇ ಸಮನಾಗಿ ದೂರದವರೆಗೆ ಹರಡಿದರೆ ಡಿಟರ್ಜೆಂಟಿಗೆ ಇನ್ನೂ ಜೀವ ಇದೆ. ನಡುವೆ ಗಟ್ಟಿ ಕಪ್ಪು ಚುಕ್ಕೆಯಾಗಿ ಕೂತರೆ ಎಣ್ಣೆಯ ಕಥೆ ಮುಗಿದಿದೆ. ಎಲ್ಲದರ ಹೊರಗೆ ತೆಳುವಾದ, ಅಗಲವಾದ ತಿಳಿ ಉಂಗುರ ಮೂಡಿದರೆ ಎಣ್ಣೆಗೆ ಡೀಸೆಲ್ ಸೇರಿದೆ.

ಸಾವಿರಾರು ಲೀಟರ್ ಎಣ್ಣೆ ಬಳಸುವ ರೈಲ್ವೆಗೆ ಪ್ರಯೋಗಾಲಯ ಗಿಟ್ಟುತ್ತದೆ. ಒಂದೇ ಗಾಡಿಯ ಮಾಲೀಕನಿಗೆ ಗಿಟ್ಟದು. ಅವನಿಗೆ ಸಿಕ್ಕದ್ದು ಆ ಹನಿಯ ಪರೀಕ್ಷೆ, ಅದೂ ಬಾಯಿಂದ ಬಾಯಿಗೆ ಬಂದು ಅರ್ಧಂಬರ್ಧವಾದದ್ದು. ಅಪ್ಪನಿಗೆ 1984ರಲ್ಲಿ ಕೊಲ್ಹಾಪುರದ ಒಬ್ಬ ಫಿಟ್ಟರ್ ಇದನ್ನು ಕಲಿಸಿಕೊಟ್ಟ ಎಂದು ಪುಸ್ತಕದಲ್ಲಿದೆ. ಆತ ಸುದ್ದಿಪತ್ರಿಕೆಯ ಅಂಚಿನ ಮೇಲೆ ಹನಿ ಬಿಡುತ್ತಿದ್ದನಂತೆ. ಅಪ್ಪ ನೋಟ್‌ಬುಕ್ಕಿನ ಕೊನೆಯ ಪುಟಗಳ ಮೇಲೆ ಬಿಟ್ಟರು. ನಾಲ್ಕು ವರ್ಷದ ಹನ್ನೊಂದು ಕಲೆಗಳು ಅಲ್ಲಿವೆ, ಪ್ರತಿಯೊಂದರ ಕೆಳಗೆ ತಾರೀಕು ಮತ್ತು ಒಂದೆರಡು ಮಾತು. 'ಕರಿ. ಪರವಾಗಿಲ್ಲ.' 'ಬಾಳ ಕರಿ. ಬದಲಿ.' ಅಪ್ಪ ನಡುವಿನ ಕಪ್ಪನ್ನು ಮಾತ್ರ ಓದುತ್ತಿದ್ದರು. ಹೊರಗಿನ ಉಂಗುರದ ಬಗ್ಗೆ ಅವರಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ನೆನಪಿರಲಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ.

1986ರಲ್ಲಿ ಹುಬ್ಬಳ್ಳಿ-ಮುಂಬೈ ಹೋಗಿ ಬರುವ ಒಂದು ಟ್ರಿಪ್ಪಿಗೆ ಗಾಡಿ ಒಂದೂವರೆಯಿಂದ ಎರಡು ಲೀಟರ್ ಎಣ್ಣೆ ಕುಡಿಯುತ್ತಿತ್ತು. ಸವೆದ ಹಳೆಯ ಇಂಜಿನ್ನಿಗೆ ಇದು ಸಹಜ. 1987ರ ದಸರೆಯ ಹೊತ್ತಿಗೆ ಅದು ಒಂದು ಲೀಟರಿಗೆ ಇಳಿಯಿತು. 1988ರ ಜನವರಿಯಲ್ಲಿ ಅರ್ಧ. ಫೆಬ್ರವರಿಯಿಂದ ಎಣ್ಣೆಯ ಅಂಕಣದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಒಂದು ಕಡೆ ಅಪ್ಪ ಖುಷಿಯಿಂದ ಬರೆದಿದ್ದಾರೆ: 'ಎಣ್ಣಿ ಕುಡಿಯೋದು ಬಿಟ್ಟತಿ.' ಇದೇ ಟ್ರಿಪ್ಪುಗಳಲ್ಲಿ ಡೀಸೆಲ್ ಮಾತ್ರ ಮೊದಲಿಗಿಂತ ಹದಿನೈದು, ಇಪ್ಪತ್ತು ಲೀಟರ್ ಹೆಚ್ಚು. ಎಣ್ಣೆ ಬದಲಿಸುವುದು 8000 ಕಿಲೋಮೀಟರಿಗೆ ಎಂದು ಮೊದಲ ಪುಟದಲ್ಲೇ ಬರೆದುಕೊಂಡವರು, ಕೊನೆಯ ಸಲ ಬದಲಿಸಿದ್ದು 1987ರ ನವೆಂಬರ್‌ನಲ್ಲಿ. ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರೂ ತಿಂಗಳು 'ಬದಲಿ ಮುಂದಿನ ಟ್ರಿಪ್' ಎಂದಿದೆ. ಎಣ್ಣೆ ಕಡಿಮೆಯಾಗುತ್ತಿಲ್ಲವಲ್ಲ, ಅವಸರ ಏನು?

ಖರ್ಚು ಏರಿದರೆ ಎಲ್ಲರೂ ಕೇಳುತ್ತಾರೆ. ಕಾರಣವಿಲ್ಲದೆ ಖರ್ಚು ಇಳಿದಾಗ ಕೇಳುವುದು ನನ್ನ ಕಸುಬು. ಮುದಿ ಇಂಜಿನ್ ತಾನಾಗಿ ಎಣ್ಣೆ ಕುಡಿಯುವುದನ್ನು ಬಿಡುವುದಿಲ್ಲ. ಅದು ಮೊದಲಿನಷ್ಟೇ ಕುಡಿಯುತ್ತಿತ್ತು, ಆ ಜಾಗವನ್ನು ಬೇರೇನೋ ತುಂಬುತ್ತಿತ್ತು. ಇಂಜೆಕ್ಟರಿನ ನಾಝಲ್ ಸವೆದರೆ ಡೀಸೆಲ್ ಮಂಜಿನಂತೆ ಸಿಡಿಯದೆ ಹನಿಯಾಗಿ ಬೀಳುತ್ತದೆ, ಪೂರ್ತಿ ಉರಿಯದೆ ಲೈನರಿನ ಗೋಡೆಗುಂಟ ಇಳಿದು ಚೇಂಬರ್ ಸೇರುತ್ತದೆ. ಎಣ್ಣೆ ತೆಳ್ಳಗಾಗುತ್ತದೆ. ಇನ್ನೊಂದು ಕಡೆ ಬದಲಿಸದ ಎಣ್ಣೆಯ ಮಸಿ ಅದನ್ನು ದಪ್ಪ ಮಾಡುತ್ತಿರುತ್ತದೆ. ಹಾಗಾಗಿ ಬೆರಳಿನಲ್ಲಿ ಉಜ್ಜಿ ನೋಡಿದರೂ ಪತ್ತೆ ಹತ್ತುವುದು ಕಷ್ಟ. ಮೇ ತಿಂಗಳ ಬಿಸಿಲು, ತುಂಬಿದ ಲೋಡು, ಘಾಟಿನ ಏರು. ಕಾದ ತೆಳು ಎಣ್ಣೆಯ ಪದರ ಹರಿದು ಬೇರಿಂಗ್ ಲೋಹಕ್ಕೆ ಲೋಹ ತಾಗಿತು.

1988ರ ಮಾರ್ಚ್ ತಾರೀಕಿನ ಕೊನೆಯ ಕಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಡುವೆ ಕಪ್ಪು, ಅದರ ಸುತ್ತ ಕಂದು, ಎಲ್ಲದರ ಹೊರಗೆ ಎರಡು ಬೆರಳಗಲದ ತಿಳಿ ಉಂಗುರ. ಮೊದಲಿನ ಕಲೆಗಳಲ್ಲಿ ಅದು ಇಲ್ಲ. ಗೆರೆ ಹಾಕಿದ ನೋಟ್‌ಬುಕ್ ಕಾಗದ ಪ್ರಯೋಗಾಲಯದ ಹೀರುಕಾಗದವಲ್ಲ, ಮೂವತ್ತೈದು ವರ್ಷದಲ್ಲಿ ಕಾಗದವೂ ಕೆಂಪಾಗಿದೆ. ಇದನ್ನು ಪುರಾವೆ ಎಂದು ಸಹಿ ಹಾಕಲಾರೆ. ಆದರೆ ಸೊನ್ನೆಗಳು, ಹೆಚ್ಚಿದ ಡೀಸೆಲ್ ಮತ್ತು ಈ ಉಂಗುರ ಮೂರೂ ಒಂದೇ ಮಾತು ಹೇಳುತ್ತವೆ. ಅದರ ಕೆಳಗೆ ಅಪ್ಪ ಬರೆದದ್ದು: 'ಕರಿ. ಪರವಾಗಿಲ್ಲ.'

ಅಂದರೆ ಹುಡುಗ ಎಣ್ಣೆ ನೋಡಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಅವನು ನೋಡಿದ್ದ, ಮಟ್ಟ ಸರಿಯಾಗಿಯೇ ಇತ್ತು. ನೋಡಿದ್ದಷ್ಟೇ ಅಲ್ಲ. ನನಗಾಗ ಹನ್ನೊಂದು ವರ್ಷ, ಅವನಿಗೆ ಹದಿನೇಳೋ ಹದಿನೆಂಟೋ. ಟ್ರಿಪ್ ಮುಗಿಸಿ ಬಂದ ಒಂದು ರಾತ್ರಿ ನಮ್ಮ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಾ ಅವನು, "ಮಾಲಕ್ರ, ಕಡ್ಡಿ ಡೀಸೆಲ್ ನಾರ್ತದ್ರಿ" ಎಂದದ್ದು ನನಗೆ ನೆನಪಿದೆ. ಅಪ್ಪ ನಕ್ಕು, "ನಿನ್ನ ಕೈನ ಡೀಸೆಲ್ ನಾರ್ತಾವ, ತೊಳಕೊಂಡ್ ಉಣ್ಣು" ಎಂದಿದ್ದರು. ನಾವೆಲ್ಲ ನಕ್ಕಿದ್ದೆವು. ಅವನೂ ನಕ್ಕಿದ್ದ. ಎಣ್ಣೆಗೆ ಡೀಸೆಲ್ ಸೇರಿದ್ದನ್ನು ಕಂಡುಹಿಡಿಯಲು ಇವತ್ತಿಗೂ ಮೊದಲು ಮಾಡುವ ಪರೀಕ್ಷೆ ಮೂಸಿ ನೋಡುವುದೇ ಎಂದು ನಿಗಡಿಯ ಫಿಟ್ಟರ್ ಹೇಳಿದಾಗ ನನ್ನ ಕೈಯ ಚಹಾ ಹಾಗೇ ಉಳಿಯಿತು.

ಅಪ್ಪನನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಕಲಿಸಿದವರು ಕಲಿಸಿದ್ದನ್ನು ಅವರು ನಿಷ್ಠೆಯಿಂದ ಮಾಡಿದರು. ಡಬ್ಬಿಗೆ ತೂತು ಹೊಡೆದರು, ಹನಿ ಬಿಟ್ಟರು, ದಿನಾ ಬರೆದರು. ನಾನು ನೋಡಿದ ಎಷ್ಟೋ ಕಂಪನಿಗಳ ಲೆಕ್ಕ ಇಷ್ಟು ಶುದ್ಧವಾಗಿರುವುದಿಲ್ಲ. ಕೆಳಗಿನವನೊಬ್ಬ ಹೇಳಿದ್ದನ್ನು ಮಾತ್ರ ಅವರು ಬರೆದುಕೊಳ್ಳಲಿಲ್ಲ. ಲಾರಿಯ ಲೋಕದಲ್ಲಿ ಮೂಸುವುದು, ಮುಟ್ಟುವುದು, ಒರೆಸುವುದೆಲ್ಲ ಕ್ಲೀನರ್‌ನ ಪಾಲು. ನಿರ್ಧಾರ ಮಾಲೀಕನದು. ತಪ್ಪು ಮತ್ತೆ ಕ್ಲೀನರ್‌ನದು.

ಈಗಿನ ಲಾರಿಗಳು ಬೇರೆ. ಕಡಿಮೆ ಗಂಧಕದ ಡೀಸೆಲ್, ಒಳ್ಳೆಯ ಎಣ್ಣೆ, ಎರಡು ಬದಲಿಯ ನಡುವೆ ಮೊದಲಿನ ಹತ್ತು ಪಟ್ಟು ಅಂತರ. ಖಂಬಾಟ್ಕಿಯಲ್ಲಿ 2000ದಿಂದ ಸುರಂಗವಿದೆ. ಪುಣೆಯಿಂದ ಊರಿಗೆ ಹೋಗಿ ಬರುವ ನಮ್ಮಂಥವರು ಆ ಏರನ್ನು ಕಾರಿನೊಳಗೆ ಗಮನಿಸುವುದೂ ಇಲ್ಲ. ಆದರೂ ಇಪ್ಪತ್ತು ವರ್ಷದ ಗಾಡಿಗಳು ಇನ್ನೂ ಓಡುತ್ತಿವೆ. ಅಂಥದ್ದೊಂದು ನಿಮ್ಮ ಮನೆಯಲ್ಲಿದ್ದರೆ, ಎಣ್ಣೆ ಕಡಿಮೆಯಾಗುವುದು ಇದ್ದಕ್ಕಿದ್ದಂತೆ ನಿಂತರೆ ಖುಷಿಪಡಬೇಡಿ. ಕಡ್ಡಿ ಮೂಸಿ.

ನನ್ನದೊಂದು ಬಾಕಿ ಉಳಿದಿದೆ. 1988ರ ಮೇ ತಿಂಗಳ ಕೊನೆಯ ಸಾಲಿನಲ್ಲಿ ಹೀಗಿದೆ: 'ಹುಡುಗನ ಪಗಾರ 3 ತಿಂಗಳು 450. ಕಡಿತ. ಊರಿಗೆ ಹೋಗಲು 20 ಕೊಟ್ಟೆ.' ಅವನ ಊರು ನವಲಗುಂದದ ಕಡೆ ಎಂದಷ್ಟೇ ನೆನಪು. ಎರಡು ಸಲ ಹೋಗಿ ಕೇಳಿ ಬಂದೆ. ಲಾರಿಗೆ ಹೋದ ಹುಡುಗರು ಆ ಕಡೆ ಬಹಳ ಮಂದಿ, ಹೆಸರಿಲ್ಲದೆ ಯಾರನ್ನೆಂದು ಹೇಳುತ್ತಾರೆ? ಅವನನ್ನು ನಾನು 'ಅಣ್ಣ' ಎನ್ನುತ್ತಿದ್ದೆ. ಅವ್ವನಿಗೆ ಈಗ ಮರೆವು. ಬಿಡುವಿದ್ದ ದಿನ ಅವಳ ಪಕ್ಕ ಕೂತು ಆ ಕಾಲದ ಮಾತು ತೆಗೆಯುತ್ತೇನೆ. ಕೊಲ್ಹಾಪುರದ ಫಿಟ್ಟರ್‌ನ ಹೆಸರು ಹೇಳುತ್ತಾಳೆ, ಗೊಂಡೆ ಹೂವಿನ ಡಬ್ಬಿಗಳನ್ನು ಎಣಿಸುತ್ತಾಳೆ. ಹುಡುಗನ ಹೆಸರು ಮಾತ್ರ ಇನ್ನೂ ಬಂದಿಲ್ಲ.